ಉಯ್ಯಾಲೆಗೆ ಮೊದಲು ಕಾಲುವೆ

ಅಣೆಕಟ್ಟಿನ ಕೆಳಗೆ ಬೇಸಾಯ ಮಾಡುವ ರೈತನಿಗೆ ಮೊದಲಿನಿಂದಲೂ ಎರಡು ಚಿಂತೆಗಳು. ಮಳೆ ಬಂದೀತೇ ಎಂಬುದೊಂದು. ಬಂದ ಮಳೆಯ ನೀರು ತನ್ನ ಗದ್ದೆಗೆ ಮುಟ್ಟೀತೇ ಎಂಬುದಿನ್ನೊಂದು. ಇತ್ತೀಚಿನ ವರ್ಷಗಳಲ್ಲಿ ಇವುಗಳ ಜತೆಗೆ ಮೂರನೆಯದೂ ಸೇರಿಕೊಂಡಿದೆ. ಅಣೆಕಟ್ಟಿನ ಮಗ್ಗುಲಲ್ಲಿ ಪಾರ್ಕು ಬರುತ್ತದಂತೆ, ಇದ್ದ ಪಾರ್ಕು ಹಿಗ್ಗುತ್ತದಂತೆ, ಹಳೆಯ ನಕ್ಷೆ ಹೋಗಿ ಹೊಸ ನಕ್ಷೆ ಬಂತಂತೆ, ಈ ಸಲ ದಾರಿ ಕೆಳಗಿನ ಬೈಲಿನ ಮೇಲೆ ಹಾಯುತ್ತದಂತೆ ಎಂಬ ಅಂತೆಕಂತೆಗಳೇ ಆ ಮೂರನೆಯ ಚಿಂತೆ. ಇಂಥ ಮಾತು ಹುಟ್ಟುವುದೇಕೆ, ಅದರಿಂದ ಒಕ್ಕಲಿಗನಿಗೆ ಆಗುವ ಕೇಡೇನು, ಅದನ್ನು ನಿಲ್ಲಿಸುವ ಬಗೆ ಯಾವುದು ಎಂಬುದನ್ನು ಈ ವಾರ ನಮ್ಮ ವಾಚಕರೊಡನೆ ವಿಚಾರಿಸಬೇಕೆಂದಿದ್ದೇವೆ.

ನಮ್ಮ ಮುಂದಿರುವ ಉದಾಹರಣೆ ವಯನಾಡಿನ ಕಾರಾಪುಳ ಅಣೆಕಟ್ಟು. ಬಯಲುಗಳ ನಾಡೆಂಬ ಅರ್ಥದಲ್ಲಿಯೇ ಆ ಸೀಮೆಗೆ ಹೆಸರು ಬಂದಿತೆಂದು ಹೇಳುವುದುಂಟು. ನಮ್ಮ ಕಡೆ ಏಣೆಲು, ಸುಗ್ಗಿ, ಕೊಳಕೆ ಇರುವಂತೆ ಅಲ್ಲಿ ನಂಜ, ಪುಂಜ ಎಂಬ ಎರಡು ಬೆಳೆಗಳು. ಗಂಧಕಶಾಲ, ಜೀರಕಶಾಲ ಎಂಬ ಪರಿಮಳದ ಅಕ್ಕಿ ಅಲ್ಲಿನ ಗದ್ದೆಗಳದೇ. ಮಳೆಗಾಲದ ನಂಜ ಹೇಗೋ ಆದೀತು. ಬೇಸಗೆಯ ಪುಂಜಕ್ಕೆ ನೀರು ಕಟ್ಟಿಕೊಡದೆ ಗತಿಯಿಲ್ಲ. ಆ ನೀರನ್ನು ಕೊಡುವುದಕ್ಕಾಗಿ, 1978ರ ಸುಮಾರಿಗೆ, 7.60 ಕೋಟಿ ರೂಪಾಯಿಗಳ ಅಂದಾಜಿನಲ್ಲಿ ಕಾರಾಪುಳ ಯೋಜನೆ ಆರಂಭವಾಯಿತು. ದೇಶದ ದೊಡ್ಡ ಮಣ್ಣಿನ ಅಣೆಕಟ್ಟುಗಳಲ್ಲಿ ಅದೂ ಒಂದು. ಅದರ ಸಾಮರ್ಥ್ಯ 76.5 ದಶಲಕ್ಷ ಘನಮೀಟರು, ಎಂದರೆ ಸುಮಾರು 2.7 ಟಿ.ಎಂ.ಸಿ. ವೈತಿರಿ, ಸುಲ್ತಾನ್ ಬತ್ತೇರಿ, ಮಾನಂದವಾಡಿ ತಾಲೂಕುಗಳ ಐದು ಸಾವಿರಕ್ಕೂ ಮಿಕ್ಕಿದ ಹೆಕ್ಟೇರು ಭೂಮಿಗೆ ಅದು ನೀರುಣಿಸಬೇಕಾಗಿತ್ತು.

ಆದದ್ದೇನು? ಕಟ್ಟೆ ಮುಗಿಯುವುದಕ್ಕೇ ಕಾಲು ಶತಮಾನ ಹಿಡಿಯಿತು. ಖರ್ಚು ಮುನ್ನೂರು ಕೋಟಿಯ ಗೆರೆ ದಾಟಿತು. ದೊಡ್ಡ ಕಾಲುವೆಗಳು ಎಡಕ್ಕೂ ಬಲಕ್ಕೂ ಹೊರಟವು. ಆದರೆ ಅವುಗಳಿಂದ ಗದ್ದೆಗೆ ನೀರು ಇಳಿಸುವ ಸಣ್ಣ ಕಾಲುವೆಗಳ ಕೆಲಸ ಹಿಂದೆ ಬಿತ್ತು. ಬಹುಕಾಲ ಕೆಲವು ನೂರು ಹೆಕ್ಟೇರುಗಳಿಗಿಂತ ಹೆಚ್ಚು ಗದ್ದೆ ಆ ನೀರನ್ನು ಕಾಣಲಿಲ್ಲ. ಕಲ್ಪೆಟ್ಟ ಪೇಟೆಗೆ ಕುಡಿಯುವ ನೀರು ದೊರೆತದ್ದು ನಿಜ, ಅದು ಒಳ್ಳೆಯದೇ. ಆದರೆ ಅಷ್ಟರಲ್ಲಿ ವಯನಾಡಿನ ಗದ್ದೆಗಳ ಕಥೆಯೇ ಬದಲಾಗಿಹೋಯಿತು. 1980ರ ದಶಕದಲ್ಲಿ ಸುಮಾರು 30 ಸಾವಿರ ಹೆಕ್ಟೇರು ಇದ್ದ ಭತ್ತದ ಬೇಸಾಯ ಮೂರನೆಯ ಒಂದು ಪಾಲಿನ ಆಸುಪಾಸಿಗೆ ಇಳಿಯಿತು. ನೀರಿಗಾಗಿ ಕಾದು ಬೇಸತ್ತವರು ಬಾಳೆ ನೆಟ್ಟರು, ಅಡಿಕೆ ಇಟ್ಟರು, ಶುಂಠಿ ಹಾಕಿದರು. ಎಷ್ಟೋ ಮಂದಿ ಗಡಿ ದಾಟಿ ಹೆಗ್ಗಡದೇವನಕೋಟೆ, ಗುಂಡ್ಲುಪೇಟೆ, ಕೊಡಗಿನ ಕಡೆ ಗೇಣಿಗೆ ಭೂಮಿ ಹಿಡಿದು ಶುಂಠಿ ಬೆಳೆಯತೊಡಗಿದರು.

ಕಾಲುವೆ ಮುಂದುವರಿಯದ ಈ ಕಾಲದಲ್ಲಿಯೇ ಅಣೆಕಟ್ಟಿನ ಬದಿಯಲ್ಲಿ ಉದ್ಯಾನ ಎದ್ದಿತು. ಗುಲಾಬಿ ತೋಟ, ಮಕ್ಕಳ ಆಟದ ಸಲಕರಣೆ, ತಂತಿಯ ಮೇಲೆ ಜಾರುವ ಜಿಪ್ ಲೈನು, ದೊಡ್ಡ ಉಯ್ಯಾಲೆ ಎಲ್ಲವೂ ಬಂದವು. ಟಿಕೇಟು ಕೊಂಡು ನೋಡುವವರೂ ಬಂದರು. ನೀರಾವರಿಗೆಂದು ಕಟ್ಟಿದ ಕಟ್ಟೆ ನೀರಾವರಿಗಿಂತ ಮೊದಲು ವಿಹಾರಕ್ಕೆ ಹೆಸರಾಯಿತು.

ಉದ್ಯಾನವೇ ಬೇಡವೆಂದು ನಾವು ಹೇಳುತ್ತಿಲ್ಲ. ಕರಿಮೆಣಸಿನ ಬಳ್ಳಿ ರೋಗಕ್ಕೆ ಸತ್ತು, ಕಾಫಿಯ ಬೆಲೆ ನೆಲಕಚ್ಚಿ, ಸಾಲದ ಹೊರೆಯಲ್ಲಿ ರೈತರು ಪ್ರಾಣ ಕಳೆದುಕೊಂಡ ದಿನಗಳನ್ನು ವಯನಾಡು ಈ ಶತಮಾನದ ಆರಂಭದಲ್ಲಿ ಕಂಡಿದೆ. ಆಮೇಲೆ ಎಷ್ಟೋ ಮನೆಗಳಿಗೆ ಪ್ರವಾಸಿಗರಿಂದಲೇ ನಾಲ್ಕು ಕಾಸು ಬಂದಿದೆ. ಮನೆಯ ಒಂದು ಕೋಣೆ ಬಾಡಿಗೆಗೆ ಕೊಟ್ಟವರು, ಜೀಪು ಓಡಿಸುವ ಹುಡುಗರು, ಜೇನು, ಕಾಳುಮೆಣಸು ಮಾರುವ ಹೆಂಗಸರು ಇವರೆಲ್ಲರ ಅನ್ನದ ಮಾತದು. ನಮ್ಮ ತಕರಾರು ಉದ್ಯಾನದ ಮೇಲಲ್ಲ, ಕ್ರಮದ ಮೇಲೆ. ಮದುವೆಯ ಊಟಕ್ಕೆ ಅನ್ನವಿಲ್ಲದೆ ತಾಂಬೂಲ ಮಾತ್ರ ಹಂಚಿದರೆ ಬಂದ ನೆಂಟರು ಏನೆಂದಾರು?

ಇನ್ನೊಂದು ವಿಷಯವನ್ನೂ ಮರೆಯಲಾಗದು. ಆ ಜಲಾಶಯಕ್ಕಾಗಿ ಎಷ್ಟೋ ಕುಟುಂಬಗಳು ಭೂಮಿ ಬಿಟ್ಟುಕೊಟ್ಟಿವೆ. ನೆರೆಯವನ ಗದ್ದೆಗೆ ನೀರು ಬರುತ್ತದೆ, ಊರಿಗೆ ಅನ್ನ ಸಿಗುತ್ತದೆ ಎಂಬ ಕಾರಣ ಹೇಳಿ ಸರಕಾರ ಆ ಭೂಮಿಯನ್ನು ಪಡೆಯಿತು. ಆ ಕಾರಣ ಪೂರೈಸದೆ ಅಲ್ಲಿ ಬೇರೆಯದನ್ನು ಬೆಳೆಸುತ್ತಹೋದರೆ, ಬಿಟ್ಟುಕೊಟ್ಟವನ ಮುಖ ನೋಡಿ ಕೊಡುವ ಉತ್ತರ ಯಾವುದು?

ಕಾರಾಪುಳದ ನೀರು ಪನಮರಂ ಹೊಳೆ ಸೇರಿ, ಅಲ್ಲಿಂದ ಕಬಿನಿಯಾಗಿ, ಬೀಚನಹಳ್ಳಿಯ ಕಟ್ಟೆ ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ ಕೇರಳಕ್ಕೆ 30 ಟಿ.ಎಂ.ಸಿ. ಹಂಚಿತು, ಅದರಲ್ಲಿ 21 ಟಿ.ಎಂ.ಸಿ. ಕಬಿನಿ ಕೊಳ್ಳದ್ದು. ಕಾಗದದ ಮೇಲೆ ಪಾಲು ಬಂದಿದೆ, ಗದ್ದೆಯಲ್ಲಿ ಕಾಲುವೆ ಇಲ್ಲ. ಇದೇ ಜಿಲ್ಲೆಯ ಬಾಣಾಸುರ ಸಾಗರದ ನೀರಾದರೂ ವಿದ್ಯುತ್ತಿಗಾಗಿ ಪಶ್ಚಿಮಕ್ಕೆ, ಕಕ್ಕಯಂ ಕಡೆಗೆ ತಿರುಗುತ್ತದೆ. ಹೀಗಿರುವಾಗ ಕಾರಾಪುಳದಂಥ ಕಟ್ಟೆಯ ಸಣ್ಣ ಕಾಲುವೆಯೇ ವಯನಾಡಿನ ರೈತನಿಗೆ ಕಾವೇರಿಯ ಪಾಲು ಮುಟ್ಟುವ ದಾರಿ.

ಕಾವೇರಿಯ ಇನ್ನೊಂದು ಕಟ್ಟೆಯ ಬಳಿಯೂ ಇದೇ ಪ್ರಶ್ನೆ ಎದ್ದಿದೆ. ಅದು ಕೃಷ್ಣರಾಜಸಾಗರ. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಅಲ್ಲಿ ಬೃಂದಾವನ ಎದ್ದಿತು. ಆದರೆ ಅದರೊಡನೆ ಮಂಡ್ಯದ ಸೀಮೆಗೆ ನಾಲೆಯೂ ಹರಿಯಿತು. ನಾಲೆಯ ನೀರು ಕುಡಿದ ರೈತ ಬೃಂದಾವನದ ಕಾರಂಜಿಯನ್ನು ಸಂತೋಷದಿಂದಲೇ ನೋಡಿದ. 2018ರಲ್ಲಿ ಮಾತು ಬೇರೆಯಾಯಿತು. ಡಿಸ್ನಿಲ್ಯಾಂಡಿನ ಮಾದರಿಯ ಪಾರ್ಕು, 125 ಅಡಿ ಎತ್ತರದ ಕಾವೇರಿಯ ಪ್ರತಿಮೆ, ಸುಮಾರು 1,200 ಕೋಟಿ ರೂಪಾಯಿಗಳ ಖರ್ಚು ಎಂದು ಮಂತ್ರಿಗಳು ಸಾರಿದರು. ಮರುವರ್ಷ ಸರಕಾರ ಬಿದ್ದಿತು, ಮಾತೂ ತಣ್ಣಗಾಯಿತು. 2024ರಲ್ಲಿ ಬೃಂದಾವನವನ್ನು ಖಾಸಗಿ ಸಹಭಾಗಿತ್ವದಲ್ಲಿ ಹಿಗ್ಗಿಸುವ ಯೋಜನೆಗೆ ಸಂಪುಟ ಒಪ್ಪಿಗೆ ನೀಡಿದಾಗ ಅಂದಾಜು ಸುಮಾರು 2,663 ಕೋಟಿ. ಆರು ವರ್ಷಗಳಲ್ಲಿ ಮೊತ್ತ ಎರಡು ಪಟ್ಟಿಗೂ ಮಿಕ್ಕಿತು.

ಈ ನಡುವೆ ರೈತನಿಗೆ ತಿಳಿದದ್ದೆಷ್ಟು? ಯಾವ ಜಾಗ, ಎಷ್ಟು ನೀರು, ಕಟ್ಟೆಯಿಂದ ಎಷ್ಟು ದೂರ ಎಂಬ ಪ್ರಶ್ನೆಗಳು ಹಳ್ಳಿ ಹಳ್ಳಿಯಲ್ಲಿ ಹರಿದಾಡಿದವು. ಕಟ್ಟೆಯ ಸುರಕ್ಷತೆಗಾಗಿ 20 ಕಿಲೋಮೀಟರ್ ಸುತ್ತಳತೆಯಲ್ಲಿ ಗಣಿಗಾರಿಕೆಯನ್ನೇ ಉಚ್ಚ ನ್ಯಾಯಾಲಯ 2024ರ ಜನವರಿಯಲ್ಲಿ ತಡೆದಿತ್ತು. ಕಲ್ಲು ಒಡೆಯುವುದು ಕೂಡದೆಂದ ಮೇಲೆ ಕಟ್ಟೆಯ ಬುಡದಲ್ಲಿ ಇಷ್ಟು ದೊಡ್ಡ ಕಟ್ಟಡದ ಕೆಲಸ ಹೇಗೆ ಕೂಡುತ್ತದೆ ಎಂದು ಕೇಳುವುದು ನ್ಯಾಯವೇ. 2025ರಲ್ಲಿ ಮಂಡ್ಯದ ರೈತ ಸಂಘಟನೆಗಳು ಬೀದಿಗಿಳಿದವು. ಮೊದಲು ನಾಲೆಯ ಕೊನೆಯ ಗದ್ದೆಗೆ ನೀರು ಮುಟ್ಟಿಸಿ ಎಂಬುದು ಅಲ್ಲಿನ ರೈತರ ಹಳೆಯ ಬೇಡಿಕೆ. ಮಂಡ್ಯದ ಕನ್ನಡವೂ ವಯನಾಡಿನ ಮಲಯಾಳವೂ ಬೇರೆಯಾದರೂ ಬೇಡಿಕೆ ಒಂದೇ.

ಈಗ ಗಾಳಿಮಾತಿನ ವಿಷಯಕ್ಕೆ ಬರೋಣ. ರೈತರು ಸುಳ್ಳು ಸುದ್ದಿಗೆ ಕಿವಿಗೊಡುತ್ತಾರೆಂದು ಅಧಿಕಾರಿಗಳು ದೂರುವುದುಂಟು. ನಾವು ಇದನ್ನು ಒಪ್ಪಲಾರೆವು. ಕಾಗದ ಬೀರುವಿನಲ್ಲಿ ಬೀಗ ಹಾಕಿಕೊಂಡಿರುವಾಗ ಊರಿನವರಿಗೆ ಉಳಿಯುವುದು ಮಾತೊಂದೇ. ಅದರಿಂದ ಲಾಭ ಪಡೆಯುವವರು ಬೇರೆಯೇ ಇದ್ದಾರೆ. ಪಾರ್ಕು ಈ ಕಡೆ ಬರುತ್ತದೆಂದು ದಲ್ಲಾಳಿ ಒಬ್ಬನಿಗೆ ಭೂಮಿ ಕೊಳ್ಳಿಸುತ್ತಾನೆ. ಸರಕಾರ ಹೇಗೂ ಕಿತ್ತುಕೊಳ್ಳುತ್ತದೆಂದು ಹೆದರಿಸಿ ಇನ್ನೊಬ್ಬನಿಂದ ಅಗ್ಗಕ್ಕೆ ಬರೆಸಿಕೊಳ್ಳುತ್ತಾನೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿ ಮಾರುವ ವ್ಯಾಪಾರವಿದು. ನಾಳೆ ಏನಾಗುವುದೋ ಎಂಬ ಅಂಜಿಕೆಯಲ್ಲಿ ರೈತ ಬದು ಕಟ್ಟುವುದಿಲ್ಲ, ಸಸಿ ನೆಡುವುದಿಲ್ಲ. ಪಾರ್ಕು ಬಾರದೆಯೂ ಒಂದು ಬೆಳೆ ಹೋಗುತ್ತದೆ.

ಕಾಗದ ಹೊರಗಿಟ್ಟರೆ ಏನಾಗುತ್ತದೆಂಬುದಕ್ಕೂ ವಯನಾಡಿನಲ್ಲೇ ಸಾಕ್ಷಿಯಿದೆ. ರಕ್ಷಿತಾರಣ್ಯಗಳ ಸುತ್ತ ಒಂದು ಕಿಲೋಮೀಟರ್ ಪರಿಸರಸೂಕ್ಷ್ಮ ವಲಯವಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಜೂನ್ 3ರಂದು ಆದೇಶಿಸಿದಾಗ ಮಲೆನಾಡೆಲ್ಲ ಕಂಗೆಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿ ಉಪಗ್ರಹದ ಚಿತ್ರ ನೋಡಿ ಮಾಡಿದ ವರದಿ ಹೊರಬಂದಾಗ ಅದರಲ್ಲಿ ಎಷ್ಟೋ ಮನೆಗಳು ಬಿಟ್ಟುಹೋಗಿದ್ದವು. ಗದ್ದಲವಾಯಿತು. ಆದರೆ ನಕ್ಷೆ ಪ್ರಕಟವಾಗಿದ್ದ ಕಾರಣ ಜನರು ತಮ್ಮ ಮನೆ ಎಲ್ಲಿದೆ ನೋಡಿದರು, ಪಂಚಾಯತಿನ ಸಹಾಯ ಮೇಜಿಗೆ ಹೋಗಿ ದೂರು ಬರೆದುಕೊಟ್ಟರು, ಸ್ಥಳ ತನಿಖೆ ನಡೆಯಿತು. 2023ರ ಏಪ್ರಿಲಿನಲ್ಲಿ ನ್ಯಾಯಾಲಯವೂ ತನ್ನ ಆದೇಶವನ್ನು ಸಡಿಲಿಸಿತು. ತಪ್ಪು ನಕ್ಷೆಯಾದರೂ ಸರಿ, ಕಣ್ಣೆದುರಿಗಿದ್ದರೆ ತಿದ್ದಬಹುದು. ಕಾಣದ ನಕ್ಷೆಯನ್ನು ತಿದ್ದುವವರಾರು?

ಇದು ಬರಿಯ ನೀರಿನ ಮಾತೂ ಅಲ್ಲ. 2024ರ ಜುಲೈ 30ರ ಮುಂಜಾನೆ ಮೇಪ್ಪಾಡಿ ಪಂಚಾಯತಿನ ಮುಂಡಕ್ಕೈ, ಚೂರಲ್‌ಮಲಗಳನ್ನು ಗುಡ್ಡದ ಮಣ್ಣು ನುಂಗಿತು. ಇನ್ನೂರೈವತ್ತಕ್ಕೂ ಹೆಚ್ಚು ಜೀವ ಹೋಯಿತು. ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿ ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2015ರಷ್ಟು ಹಿಂದೆಯೇ ಆದೇಶ ಹೊರಡಿಸಿತ್ತು. ಇಂಥ ನೆಲದಲ್ಲಿ ಯಾವ ಗುಡ್ಡ ಕಡಿಯುತ್ತಾರೆ, ಯಾವ ತೋಡು ಮುಚ್ಚುತ್ತಾರೆ ಎಂಬುದನ್ನು ಅದರ ಕೆಳಗೆ ಮಲಗುವವನಿಗೆ ಮೊದಲು ತಿಳಿಸಬೇಕು.

ಆದುದರಿಂದ ಸರಕಾರದವರಲ್ಲಿ ನಮ್ಮ ಬೇಡಿಕೆ ಮೂರು.

ಒಂದನೆಯದು: ನೀರಾವರಿ ಕಟ್ಟೆಯ ಬಳಿ ಉದ್ಯಾನ ಹಿಗ್ಗಿಸುವ ವಿಚಾರವಿದ್ದರೆ ಅದರ ನಕ್ಷೆ, ಸರ್ವೆ ನಂಬರು, ಬೇಕಾಗುವ ನೀರಿನ ಲೆಕ್ಕ ಇವುಗಳನ್ನು ಪಂಚಾಯತು ಕಚೇರಿಯಲ್ಲಿಯೂ ಕೃಷಿಭವನದಲ್ಲಿಯೂ ಅಂಟಿಸಬೇಕು. ನಕ್ಷೆ ಬದಲಾದರೆ ಬದಲಾದ ದಿನವೇ ಹೊಸದನ್ನು ಅಂಟಿಸಬೇಕು.

ಎರಡನೆಯದು: ಕಾಲುವೆಯ ಕೆಲಸ ಎಷ್ಟು ಮುಗಿಯಿತೋ ಅಷ್ಟಕ್ಕೆ ತಕ್ಕಂತೆ ಉದ್ಯಾನದ ಕೆಲಸ ನಡೆಯಲಿ. ಗದ್ದೆಗೆ ನೀರು ಮುಟ್ಟದ ವರ್ಷ ಹೊಸ ಉಯ್ಯಾಲೆ ಬೇಡ.

ಮೂರನೆಯದು: ಟಿಕೇಟಿನ ಹಣದಲ್ಲಿ ಒಂದು ನಿಶ್ಚಿತ ಪಾಲು ಸಣ್ಣ ಕಾಲುವೆಗಳ ದುರಸ್ತಿಗೆ ಮೀಸಲಾಗಲಿ. ಆಗ ಪ್ರವಾಸಿಗನೂ ರೈತನೂ ಎದುರಾಳಿಗಳಾಗುವುದಿಲ್ಲ. ಬಂದವನ ದುಡ್ಡಿನಿಂದಲೇ ಇದ್ದವನ ಗದ್ದೆ ನೆನೆಯುತ್ತದೆ.

ಇನ್ನು ರೈತ ಬಾಂಧವರಿಗೆ ನಾಲ್ಕು ಮಾತು. ವಯನಾಡಿನ ಕಾನೂನೇ ನಮ್ಮ ಕಾಸರಗೋಡಿಗೂ ಅನ್ವಯಿಸುವುದರಿಂದ ಇವು ನಮ್ಮವರಿಗೂ ಉಪಯೋಗಕ್ಕೆ ಬಂದಾವು. ಇಂಥ ಸುದ್ದಿ ಕೇಳಿದೊಡನೆ ಭೂಮಿ ಮಾರಲೂ ಬೇಡಿ, ಕೊಳ್ಳಲೂ ಬೇಡಿ. ಕೇರಳದಲ್ಲಿ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕೆಂದು ನಿಯಮವಿದೆ. ಅಲ್ಲಿ ಎದ್ದುನಿಂತು ಕೇಳಿರಿ, ಕೇಳಿದ್ದನ್ನು ನಡವಳಿ ಪುಸ್ತಕದಲ್ಲಿ ಬರೆಸಿರಿ. 2005ರ ಮಾಹಿತಿ ಹಕ್ಕಿನ ಕಾನೂನಿನಂತೆ 10 ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಬರಬೇಕು. ಸರ್ವೆ ನಂಬರು ಸಹಿತ ಒಂದೊಂದೇ ಪ್ರಶ್ನೆಯಾಗಿ ಬರೆಯಿರಿ. ಕನ್ನಡಿಗರಾದ ನಾವು ಸರಕಾರದೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಲು 1969ರ ಅಧಿಕೃತ ಭಾಷಾ ಕಾನೂನು ಅವಕಾಶ ಕೊಟ್ಟಿದೆ. ಆ ಹಕ್ಕನ್ನು ಬಳಸದೆ ತುಕ್ಕು ಹಿಡಿಸಬಾರದು. ಗದ್ದೆಯಿರುವವರು 2008ರ ಭತ್ತದ ಗದ್ದೆ ಸಂರಕ್ಷಣೆಯ ಕಾನೂನಿನಂತೆ ತಯಾರಾದ ಡೇಟಾ ಬ್ಯಾಂಕಿನಲ್ಲಿ ತಮ್ಮ ಗದ್ದೆ ಸೇರಿದೆಯೇ ಎಂದು ಕೃಷಿಭವನಕ್ಕೆ ಹೋಗಿ ನೋಡಿಕೊಳ್ಳಿ. ಭೂಕಂದಾಯದ ರಶೀದಿಯನ್ನು ಪ್ರತಿವರ್ಷ ತಪ್ಪದೆ ಪಡೆದು ಜೋಪಾನವಾಗಿಡಿ.

ಪೇಟೆಯ ಮಕ್ಕಳು ಬಂದು ಕಾರಾಪುಳದ ಗುಲಾಬಿ ನೋಡಲಿ, ಉಯ್ಯಾಲೆಯಾಡಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಉಯ್ಯಾಲೆ ಮೇಲೇರಿದಾಗ ಕಾಣುವ ಗದ್ದೆಯಲ್ಲಿ ಪುಂಜದ ಪೈರು ಹಸುರಾಗಿರಬೇಕು. ನೀರಾವರಿ ಇಲಾಖೆಯವರು ಮುಂದಿನ ಪುಂಜದೊಳಗೆ ಒಂದಾದರೂ ಸಣ್ಣ ಕಾಲುವೆಯನ್ನು ಪೂರ್ತಿ ಮುಗಿಸಿ, ಉಳಿದವುಗಳ ನಕ್ಷೆಯನ್ನು ಪಂಚಾಯತಿನ ಗೋಡೆಗೆ ಅಂಟಿಸಲಿ. ಅಂತೆಕಂತೆಗಳು ತಾವಾಗಿಯೇ ನಿಂತುಹೋಗುತ್ತವೆ.