ಪದಕ್ಕಿಷ್ಟು ಎಂಬ ದರ ಇನ್ನು ನಡೆಯದು

ದೇವನಹಳ್ಳಿ ಕಡೆಯ ಅಪಾರ್ಟ್‌ಮೆಂಟಿನ ಬ್ರೋಷರ್, ಕೊಬ್ಬರಿ ಎಣ್ಣೆ ಬಾಟಲಿಯ ಹಿಂಬದಿಯ ನಾಲ್ಕು ಸಾಲು, ರಕ್ತಪರೀಕ್ಷೆ ಲ್ಯಾಬಿನ ವೆಬ್‌ಸೈಟಿನಲ್ಲಿ ‘ನಮ್ಮ ಬಗ್ಗೆ’ ಎಂಬ ಪುಟ, ದೀಪಾವಳಿ ರಿಯಾಯಿತಿಯ ವಾಟ್ಸ್‌ಆ್ಯಪ್ ಸಂದೇಶ. ಇವನ್ನೆಲ್ಲ ಯಾರೋ ಒಬ್ಬರು ಕೂತು ಬರೆದಿರುತ್ತಾರೆ. ಅವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಹೀಗೆ ಬರೆಯುವವರಲ್ಲಿ ಬಹಳ ಮಂದಿ ಯಾವ ಏಜೆನ್ಸಿಯ ಸಂಬಳದ ಪಟ್ಟಿಯಲ್ಲೂ ಇಲ್ಲದ ಫ್ರೀಲ್ಯಾನ್ಸ್ ಕಾಪಿರೈಟರ್‌ಗಳು. ಬ್ರೀಫ್ ಮೇಲ್‌ನಲ್ಲಿ ಬರುತ್ತದೆ, ಕಾಪಿ ಮೇಲ್‌ನಲ್ಲೇ ಹೋಗುತ್ತದೆ. ಎರಡು ಮೂರು ಸುತ್ತು ತಿದ್ದಿಕೊಟ್ಟ ಮೇಲೆ ಬಿಲ್ಲು, ಬಿಲ್ಲು ಕಳಿಸಿದ ಮೇಲೆ ಕಾಯುವುದು. ಕೂಲಿ ಬಹುಪಾಲು ಪದದ ಲೆಕ್ಕದಲ್ಲಿ.

ಈ ಕಸುಬಿನವರು ಈಗ ಹೋದಲ್ಲೆಲ್ಲ ಕೇಳಿಸಿಕೊಳ್ಳುವ ಪ್ರಶ್ನೆ ಒಂದೇ: ಎಐ ಬಂತಲ್ಲ, ಇನ್ನು ನೀವೇನು ಮಾಡುತ್ತೀರಿ? ಜಾಹೀರಾತು ಬರಹಕ್ಕೆಂದೇ ಮಾಡಿದ ಜಾಸ್ಪರ್, ಕಾಪಿ ಡಾಟ್ ಎಐನಂಥ ಉಪಕರಣಗಳು ಮೊದಲೂ ಇದ್ದವು. ಆದರೆ 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ, ಬರೆಸಿಕೊಳ್ಳುವ ಕ್ಲೈಂಟ್‌ನ ಫೋನಿನಲ್ಲೇ ಬರೆಯುವ ಯಂತ್ರವೂ ಬಂದು ಕೂತಿತು, ಅದೂ ಪುಕ್ಕಟೆಯಾಗಿ. ಅಂದಿನಿಂದ ಚರ್ಚೆಯೆಲ್ಲ ಯಂತ್ರ ಮನುಷ್ಯನಷ್ಟು ಚೆನ್ನಾಗಿ ಬರೆಯುತ್ತದೆಯೇ ಎಂಬುದರ ಸುತ್ತಲೇ ನಡೆದಿದೆ. ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಯಂತ್ರ ಉಳಿಸಿಕೊಟ್ಟ ಸಮಯದ ಲಾಭ ಯಾರ ಜೇಬಿಗೆ ಹೋಗುತ್ತಿದೆ, ಅದು ಮಾಡಿದ ತಪ್ಪಿನ ಭಾರ ಯಾರ ತಲೆಯ ಮೇಲೆ ಬೀಳುತ್ತಿದೆ?

ಅಮೆರಿಕದ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರದ ಜಾಡು ಸಿಗುತ್ತದೆ. ಎಂಐಟಿಯ ಶಾಕೆಡ್ ನಾಯ್ ಮತ್ತು ವಿಟ್ನಿ ಝಾಂಗ್ 453 ಮಂದಿ ಪದವೀಧರ ವೃತ್ತಿಪರರಿಗೆ ಪತ್ರಿಕಾ ಪ್ರಕಟಣೆ, ಕಿರು ವರದಿ, ಕಚೇರಿ ಮೇಲ್‌ನಂಥ ಬರಹದ ಕೆಲಸ ಕೊಟ್ಟರು. ಅರ್ಧದಷ್ಟು ಜನರಿಗೆ ಚಾಟ್‌ಜಿಪಿಟಿ ಬಳಸಲು ಅವಕಾಶವಿತ್ತು. ಬಳಸಿದವರಿಗೆ ತಗುಲಿದ ಸಮಯ ಶೇ 40ರಷ್ಟು ತಗ್ಗಿತು, ಬರಹದ ಗುಣಮಟ್ಟ ಶೇ 18ರಷ್ಟು ಏರಿತು. ಚಾಟ್‌ಜಿಪಿಟಿ ಇಲ್ಲದೆ ಬರೆದ ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದಿದ್ದವರಿಗೇ ಹೆಚ್ಚು ಅನುಕೂಲವಾಯಿತು. ಚೆನ್ನಾಗಿ ಬರೆಯುವವರಿಗೂ ಸುಮಾರಾಗಿ ಬರೆಯುವವರಿಗೂ ನಡುವಿನ ಅಂತರ ಕಿರಿದಾಯಿತು. 2023ರ ಜುಲೈನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಎಐ ಪರವಾದವರೆಲ್ಲ ಈ ಅಂಕಿಗಳನ್ನೇ ಎತ್ತಿ ಹಿಡಿದರು.

ಎರಡನೆಯದು ಶಿಯಾಂಗ್ ಹುಯಿ, ಒರೆನ್ ರೆಶೆಫ್ ಮತ್ತು ಲುವೊಫೆಂಗ್ ಝೌ ನಡೆಸಿದ್ದು. ಇದು ಪ್ರಯೋಗಾಲಯ ಬಿಟ್ಟು ಸಂತೆಗೇ ಇಳಿಯಿತು. ಜಗತ್ತಿನ ಮೂಲೆಮೂಲೆಯ ಫ್ರೀಲ್ಯಾನ್ಸರ್‌ಗಳು ಕೆಲಸ ಹುಡುಕುವ ಅಪ್‌ವರ್ಕ್ ತಾಣದಲ್ಲಿ, ಚಾಟ್‌ಜಿಪಿಟಿ ಬಂದ ನಂತರ ಬರಹದ ಕೆಲಸದವರಿಗೆ ಏನಾಯಿತು ಎಂದು ಅವರು ನೋಡಿದರು. ತಿಂಗಳಿಗೆ ಸಿಗುವ ಕೆಲಸಗಳ ಸಂಖ್ಯೆ ಶೇ 2ರಷ್ಟು ಕುಸಿದಿತ್ತು, ಗಳಿಕೆ ಶೇ 5.2ರಷ್ಟು. ಅದೂ ಮೊದಲ ಕೆಲವೇ ತಿಂಗಳಲ್ಲಿ. ಹಿಂದೆ ಒಳ್ಳೆಯ ಕೆಲಸ ಮಾಡಿ ಹೆಸರು ಗಳಿಸಿದವರಿಗೆ ಆ ಹೆಸರು ರಕ್ಷಣೆ ಕೊಡಲಿಲ್ಲ. ಮೇಲಿನ ಸಾಲಿನವರಿಗೇ ಪೆಟ್ಟು ತುಸು ಹೆಚ್ಚು ಬಿದ್ದಂತೆ ಕಂಡಿತು.

ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧ. ಕೆಲಸ ಬೇಗ ಮುಗಿಯುತ್ತದೆ, ಚೆನ್ನಾಗಿಯೂ ಆಗುತ್ತದೆ ಎಂದರೆ ಗಳಿಕೆ ಏಕೆ ಇಳಿಯಬೇಕು? ಆದರೆ ಈ ಎರಡೂ ಒಂದೇ ಕಥೆಯ ಎರಡು ಅಧ್ಯಾಯಗಳು. ಬರಹಗಾರರ ನಡುವಿನ ಅಂತರ ಕಿರಿದಾದಾಗ, ಆ ಅಂತರಕ್ಕೆ ಕ್ಲೈಂಟ್ ಕೊಡುತ್ತಿದ್ದ ಹೆಚ್ಚುವರಿ ಹಣವೂ ಕರಗುತ್ತದೆ. ಹತ್ತು ವರ್ಷದ ಅನುಭವವುಳ್ಳವರ ಕಾಪಿಗೂ ಹತ್ತು ನಿಮಿಷದ ಪ್ರಾಂಪ್ಟಿಗೂ ವ್ಯತ್ಯಾಸ ಕಾಣದ ಕ್ಲೈಂಟ್, ಅನುಭವಕ್ಕೆ ಬೆಲೆ ಕಟ್ಟುವುದನ್ನು ನಿಲ್ಲಿಸುತ್ತಾನೆ. ಇನ್ನು ಶೇ 40ರಷ್ಟು ಸಮಯ ಉಳಿಯುತ್ತದೆ ಎಂಬುದು ಗೊತ್ತಾದ ದಿನವೇ ದರವನ್ನೂ ಅಷ್ಟು ಇಳಿಸಿ ಎಂಬ ಮಾತು ಶುರುವಾಗುತ್ತದೆ. ಸಂಬಳದ ನೌಕರನಿಗೆ ಉಳಿದ ಸಮಯ ಸ್ವಲ್ಪ ಬಿಡುವಾದರೂ ಆದೀತು. ಪದಕ್ಕಿಷ್ಟು ಎಂದು ದುಡಿಯುವವರ ಪಾಲಿಗೆ ಅದು ನೇರ ವರಮಾನದ ಕಡಿತ.

ನಿಜ ಹೇಳಬೇಕೆಂದರೆ ಪದದ ಈ ಲೆಕ್ಕ, ಯಂತ್ರ ಬರುವ ಮೊದಲೂ ತಪ್ಪೇ ಆಗಿತ್ತು. ದರ್ಜಿಗೆ ಎಷ್ಟು ಮೊಳ ದಾರ ಖರ್ಚಾಯಿತು ಎಂದು ನೋಡಿ ಯಾರೂ ಕೂಲಿ ಕೊಡುವುದಿಲ್ಲ. ಒಳ್ಳೆಯ ಕಾಪಿರೈಟರ್ ಮಾಡುವ ಕೆಲಸದಲ್ಲಿ ಪದ ಜೋಡಿಸುವುದು ಸಣ್ಣ ಭಾಗ. ಕ್ಲೈಂಟ್ ಹೇಳಿಕೊಳ್ಳುವುದಕ್ಕೂ ಕೊಳ್ಳುವವರು ಕೇಳಬಯಸುವುದಕ್ಕೂ ಇರುವ ಅಂತರವನ್ನು ಕಂಡುಹಿಡಿಯುವುದು, ಅಂಗಡಿಯಲ್ಲಿ ನಿಂತು ಗಿರಾಕಿಗಳ ಮಾತಿಗೆ ಕಿವಿಗೊಡುವುದು, ನೂರು ಪದ ಬರೆದು ತೊಂಬತ್ತನ್ನು ಹೊಡೆದುಹಾಕುವುದು, ಇದನ್ನು ಹೀಗೆ ಹೇಳಬೇಡಿ, ತೊಂದರೆಯಾದೀತು ಎಂದು ಎಚ್ಚರಿಸುವುದು, ಇವೆಲ್ಲ ಆ ಕೆಲಸದಲ್ಲಿ ಸೇರಿವೆ. ಆರು ಪದದ ಘೋಷವಾಕ್ಯಕ್ಕೆ ಆರು ವಾರ ಹಿಡಿಯಬಹುದು. ಕನ್ನಡದ ಮಟ್ಟಿಗೆ ಅನ್ಯಾಯ ಇನ್ನೂ ಸ್ಪಷ್ಟ: ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ಭಾಷೆಯಲ್ಲಿ ಅದೇ ವಿಷಯ ಇಂಗ್ಲಿಷಿಗಿಂತ ಕಡಿಮೆ ಪದಗಳಲ್ಲಿ ಮುಗಿಯುತ್ತದೆ, ಕೂಲಿಯೂ ಕಡಿಮೆ ಪದಗಳಿಗೇ.

ಹಾಗೆಂದು ಉಪಕರಣವನ್ನೇ ದೂರವಿಡಿ ಎನ್ನುವುದು ಸರಿಯಲ್ಲ. ಅದರಿಂದ ಆಗುವ ಉಪಕಾರ ದೊಡ್ಡದು, ಮುಖ್ಯವಾಗಿ ಇಂಗ್ಲಿಷ್ ಎಂದರೆ ಹಿಂಜರಿಯುತ್ತಿದ್ದವರಿಗೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ, ಜಾಹೀರಾತಿನ ಒಳ್ಳೆಯ ಬುದ್ಧಿಯಿರುವ ಚಿತ್ರದುರ್ಗದ ಒಬ್ಬ ಹುಡುಗಿ ಸಿಂಗಪುರದ ಕ್ಲೈಂಟಿಗೆ ಪ್ರಸ್ತಾವ ಬರೆಯಲು ಮೊದಲಾದರೆ ಇನ್ನೊಬ್ಬರ ಸಹಾಯ ಬೇಡಬೇಕಿತ್ತು. ಈಗ ತಾನೇ ಬರೆದು, ವ್ಯಾಕರಣ ತಿದ್ದಿಸಿಕೊಂಡು ಕಳಿಸಬಹುದು. ನಲವತ್ತು ಪುಟದ ತಾಂತ್ರಿಕ ಕೈಪಿಡಿಯ ಸಾರ ತೆಗೆಯುವುದು, ಸಂದರ್ಶನದ ಧ್ವನಿಮುದ್ರಣವನ್ನು ಅಕ್ಷರಕ್ಕೆ ಇಳಿಸುವುದು, ಒಂದೇ ಶೀರ್ಷಿಕೆಗೆ ಇಪ್ಪತ್ತು ಬದಲಿ ರೂಪ ಹಾಕಿಸಿ ಹತ್ತೊಂಬತ್ತನ್ನು ಎಸೆಯುವುದು: ಇಂಥ ಕೆಲಸಕ್ಕೆ ಅದು ದಣಿಯದ ಸಹಾಯಕ. ಎಷ್ಟೋ ಬರಹಗಾರರು ಮೊದಲ ಸಾಲಿನ ಮುಂದೆ ಗಂಟೆಗಟ್ಟಲೆ ಕೂರುವುದನ್ನು ಅದು ತಪ್ಪಿಸಿದೆ.

ಆದರೆ ಅದೇ ಹುಡುಗಿಗೆ ಇನ್ನೊಂದು ಅಪಾಯ ಕಾದಿದೆ. ಈಗ ಅನೇಕ ಕ್ಲೈಂಟ್‌ಗಳು ಬಂದ ಕಾಪಿಯನ್ನು ‘ಎಐ ಡಿಟೆಕ್ಟರ್’ಗೆ ಹಾಕಿ ನೋಡುತ್ತಾರೆ. ಯಂತ್ರದ್ದು ಎಂದು ಅದು ತೋರಿಸಿದರೆ ಹಣ ಕೊಡುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಇಂಥ ಏಳು ಡಿಟೆಕ್ಟರ್‌ಗಳಿಗೆ, ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಕೊಟ್ಟರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಶೇ 61ರಷ್ಟನ್ನು ಅವು ಯಂತ್ರದ ಬರಹ ಎಂದು ತಪ್ಪಾಗಿ ಗುರುತಿಸಿದವು. ಸರಳ ಪದ, ನೇರ ವಾಕ್ಯ ಬಳಸಿದ್ದೇ ಅವರ ಅಪರಾಧ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ತನ್ನದೇ ಡಿಟೆಕ್ಟರನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ತಯಾರಕರೇ ಕೈಬಿಟ್ಟ ಬಗೆಯ ಪರೀಕ್ಷೆಯನ್ನು ನಂಬಿ ಒಬ್ಬರ ಕೂಲಿ ತಡೆಹಿಡಿಯುವುದು ಅನ್ಯಾಯ. ಕರಡಿನ ಹಳೆಯ ಆವೃತ್ತಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಇಂದಿನ ಫ್ರೀಲ್ಯಾನ್ಸರ್‌ಗೆ ರಸೀದಿ ಇಟ್ಟುಕೊಳ್ಳುವಷ್ಟೇ ಅಗತ್ಯ.

ತಪ್ಪಿನ ಭಾರದ ಮಾತಿಗೆ ಬರೋಣ. ಅಮೆರಿಕದ ಸಿನೆಟ್ ಸುದ್ದಿತಾಣ 2022ರ ಕೊನೆಯಲ್ಲಿ ಹಣಕಾಸು ವಿಷಯದ ಬರಹಗಳನ್ನು ಎಐಯಿಂದ ಬರೆಸತೊಡಗಿತು. ವಾರ್ಷಿಕ ಶೇ 3ರ ಬಡ್ಡಿಯಲ್ಲಿ 10,000 ಡಾಲರ್ ಇಟ್ಟರೆ ಮೊದಲ ವರ್ಷ 10,300 ಡಾಲರ್ ಗಳಿಸುತ್ತೀರಿ ಎಂದು ಒಂದು ಬರಹ ಹೇಳಿತು. ಬಡ್ಡಿ ಬರುವುದು 300. ಕೊನೆಗೆ ಪರಿಶೀಲಿಸಿದಾಗ 77 ಬರಹಗಳ ಪೈಕಿ 41ಕ್ಕೆ ತಿದ್ದುಪಡಿ ಹಾಕಬೇಕಾಯಿತು. ವಾಕ್ಯಗಳೆಲ್ಲ ನಯವಾಗಿದ್ದವು ಎಂಬುದೇ ಇಲ್ಲಿ ಗಮನಿಸಬೇಕಾದ್ದು. ತಡವರಿಸಿದ ಬರಹವಾಗಿದ್ದರೆ ಸಂಪಾದಕರ ಕಣ್ಣಿಗೆ ಬೀಳುತ್ತಿತ್ತು.

ಕೆನಡಾದಲ್ಲಿ ಇನ್ನೊಂದು ಪ್ರಕರಣ ನಡೆಯಿತು. ಅಜ್ಜಿಯ ಸಾವಿಗೆ ಹೊರಟಿದ್ದ ಪ್ರಯಾಣಿಕರೊಬ್ಬರಿಗೆ ಏರ್ ಕೆನಡಾದ ಚಾಟ್‌ಬಾಟ್, ಟಿಕೆಟ್ ಕೊಂಡ ಮೇಲೂ ರಿಯಾಯಿತಿಗೆ ಅರ್ಜಿ ಹಾಕಬಹುದು ಎಂದು ತಪ್ಪು ಮಾಹಿತಿ ಕೊಟ್ಟಿತು. ತನ್ನ ಮಾತಿಗೆ ಚಾಟ್‌ಬಾಟೇ ಹೊಣೆ ಎಂಬರ್ಥದ ವಾದವನ್ನು ಕಂಪನಿ ಮುಂದಿಟ್ಟಾಗ ನ್ಯಾಯಮಂಡಳಿ ಒಪ್ಪಲಿಲ್ಲ. 2024ರ ಫೆಬ್ರುವರಿಯಲ್ಲಿ ಪರಿಹಾರ ಕೊಡುವಂತೆ ಆದೇಶಿಸಿತು. ಯಂತ್ರಕ್ಕೆ ಹೊಣೆ ಹೊರಲು ಬರುವುದಿಲ್ಲ. ನಮ್ಮಲ್ಲೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದನ್ನೇ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಕಷಾಯದ ಪುಡಿಯ ಪೊಟ್ಟಣಕ್ಕೆ ಅಂಥ ಸಾಲು ಯಂತ್ರದಿಂದ ಬಂದಾಗ ಹೊಡೆದುಹಾಕುವವರು ಯಾರು? ದಂಡ ಕಟ್ಟಿದ ಕ್ಲೈಂಟ್ ಮೊದಲು ಬೆರಳು ತೋರಿಸುವುದು ಕಾಪಿ ಕಳಿಸಿದವರತ್ತಲೇ. ಆ ಪರಿಶೀಲನೆಯ ಕೆಲಸಕ್ಕೆ ಪದದ ಲೆಕ್ಕದಲ್ಲಿ ಒಂದು ಪೈಸೆಯೂ ಇಲ್ಲ.

ಕನ್ನಡದಲ್ಲಿ ಬರೆಯುವವರ ಪಾಡು ಬೇರೆ. ಈ ಯಂತ್ರಗಳು ಕಲಿತದ್ದು ಹೆಚ್ಚಾಗಿ ಇಂಗ್ಲಿಷಿನಿಂದ. ಅವು ಪಠ್ಯವನ್ನು ‘ಟೋಕನ್’ ಎಂಬ ಚೂರುಗಳಾಗಿ ಒಡೆದು ಓದುತ್ತವೆ; ಭಾರತೀಯ ಲಿಪಿಗಳು ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಹೆಚ್ಚು ಚೂರಾಗುತ್ತಿದ್ದವು. 2024ರ ಮೇ ತಿಂಗಳಲ್ಲಿ ಓಪನ್‌ಎಐ ತನ್ನ ಹೊಸ ಮಾದರಿಯಲ್ಲಿ ಇದನ್ನು ಸುಧಾರಿಸಿದ್ದಾಗಿ ಹೇಳಿ 20 ಭಾಷೆಗಳ ಪಟ್ಟಿ ಕೊಟ್ಟಿತು. ತೆಲುಗು, ತಮಿಳು, ಮರಾಠಿ, ಗುಜರಾತಿ, ಹಿಂದಿ ಅದರಲ್ಲಿದ್ದವು, ಕನ್ನಡದ ಹೆಸರಿರಲಿಲ್ಲ. ಯಂತ್ರದ ಕನ್ನಡ ಅಂದಿನಿಂದ ಸುಧಾರಿಸಿದೆ, ಒಪ್ಪಬೇಕು. ಆದರೂ ಅದು ಹೊರಹಾಕುವುದು ಯಾವ ಊರಿನದ್ದೂ ಅಲ್ಲದ, ಸರ್ಕಾರಿ ಸುತ್ತೋಲೆಯಂಥ ಕನ್ನಡ. ಹಿಂಗಾರಿ ಜೋಳದ ಬೀಜವನ್ನು ಗದಗದ ರೈತನಿಗೆ ಮಾರುವ ಮಾತೂ ಮಂಗಳೂರಿನ ಬಂಗಾರದ ಅಂಗಡಿಯ ಮಾತೂ ಒಂದೇ ದನಿಯಲ್ಲಿ ಬರುತ್ತವೆ.

ಇದರಿಂದ ಹುಟ್ಟಿದ ಹೊಸ ಬಗೆಯ ಕೆಲಸವೊಂದಿದೆ. ಕ್ಲೈಂಟ್ ಯಂತ್ರದಿಂದ ತೆಗೆದ ಕನ್ನಡವನ್ನು ಕಳಿಸಿ, ‘ಸ್ವಲ್ಪ ನೋಡಿಕೊಡಿ ಸರ್, ಎಲ್ಲ ರೆಡಿ ಇದೆ’ ಎನ್ನುತ್ತಾನೆ. ದರ ಮಾತ್ರ ಹೊಸದಾಗಿ ಬರೆಯುವುದರ ಒಂದು ಪಾಲು. ನೋಡಿಕೊಡಲು ಕೂತವರಿಗೆ ಗೊತ್ತಾಗುವುದು, ಇಂಗ್ಲಿಷ್ ಎಲುಬಿನ ಮೇಲೆ ಕನ್ನಡದ ಚರ್ಮ ಹೊದಿಸಿದ ಆ ವಾಕ್ಯಗಳನ್ನು ತಿದ್ದುವುದಕ್ಕಿಂತ ಹರಿದುಹಾಕಿ ಬರೆಯುವುದೇ ಬೇಗ ಎಂದು. ಭಾಷಾಂತರದ ಲೋಕದಲ್ಲಿ ಈ ಗಾಳಿ ಮೊದಲೇ ಬೀಸಿದೆ: ಭಾಷೆ ಕಲಿಸುವ ಡ್ಯುವೊಲಿಂಗೊ ಕಂಪನಿ 2024ರ ಆರಂಭದಲ್ಲಿ ತನ್ನ ಗುತ್ತಿಗೆ ಕೆಲಸಗಾರರಲ್ಲಿ ಶೇ 10ರಷ್ಟು ಮಂದಿಯನ್ನು ಕೈಬಿಟ್ಟಿತು, ಎಐ ಬಳಕೆ ಅದಕ್ಕೊಂದು ಕಾರಣವೆಂದು ಒಪ್ಪಿಕೊಂಡಿತು.

ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಹೊಸಬರ ವಿಷಯದಲ್ಲಿ. ಈ ಕಸುಬನ್ನು ಕಲಿಯುವುದು ಸಣ್ಣ ಕೆಲಸಗಳಿಂದ: ಆನ್‌ಲೈನ್ ಅಂಗಡಿಯ ಸರಕಿನ ವಿವರಣೆ, ಇನ್‌ಸ್ಟಾಗ್ರಾಂ ಶೀರ್ಷಿಕೆ, ಕರಪತ್ರ. ನೂರು ಸೀರೆಗಳಿಗೆ ನೂರು ಬಗೆಯ ಎರಡು ಸಾಲು ಬರೆದ ಕೈಗೆ ನೂರೊಂದನೆಯದು ಬರೆಯುವಾಗ ಪಳಗಿದ ಹದ ಬಂದಿರುತ್ತದೆ. ಆ ನೂರು ಸೀರೆಗಳ ಕೆಲಸವೇ ಮೊದಲು ಯಂತ್ರದ ಪಾಲಾಗಿದೆ. ಯಂತ್ರ ಬರೆದದ್ದರಲ್ಲಿ ತಪ್ಪು ಹುಡುಕಬಲ್ಲ ಹಿರಿಯರು ಬೇಕು ಎನ್ನುವ ಏಜೆನ್ಸಿಗಳು, ಅಂಥ ಹಿರಿಯರು ತಯಾರಾಗುತ್ತಿದ್ದ ಗರಡಿಯನ್ನು ಮುಚ್ಚುತ್ತಿವೆ. ಹತ್ತು ಸಣ್ಣ ಕೆಲಸದಲ್ಲಿ ಎರಡನ್ನಾದರೂ ಹೊಸಬರ ಕೈಗೆ ಕೊಟ್ಟು, ತಿದ್ದಿ, ಹಣ ಕೊಡುವುದನ್ನು ಏಜೆನ್ಸಿಗಳು ತಮ್ಮ ಸ್ವಂತ ಹಿತಕ್ಕಾಗಿಯೇ ಮುಂದುವರಿಸಬೇಕು.

ಬರಹಗಾರರು ತಾವೇ ಮಾಡಬಹುದಾದ್ದೂ ಇದೆ. ಹಾಲಿವುಡ್ಡಿನ ಚಿತ್ರಕಥಾ ಬರಹಗಾರರು 2023ರಲ್ಲಿ 148 ದಿನ ಮುಷ್ಕರ ಹೂಡಿ ಎಐ ಕುರಿತ ಷರತ್ತುಗಳನ್ನು ಒಪ್ಪಂದದಲ್ಲೇ ಬರೆಸಿಕೊಂಡರು. ಬರಹಗಾರರು ಎಐ ಬಳಸಲೇಬೇಕೆಂದು ಕಂಪನಿ ಒತ್ತಾಯಿಸುವಂತಿಲ್ಲ, ಕೊಟ್ಟ ಸಾಮಗ್ರಿ ಯಂತ್ರದ್ದಾಗಿದ್ದರೆ ಮೊದಲೇ ತಿಳಿಸಬೇಕು. ಅವರ ಹಿಂದೆ ಬಲವಾದ ಸಂಘವಿತ್ತು. ಒಂಟಿಯಾಗಿ ದುಡಿಯುವ ಕಾಪಿರೈಟರ್‌ಗೆ ಮುಷ್ಕರ ಸಾಧ್ಯವಿಲ್ಲ, ಆದರೆ ಕರಾರು ಸಾಧ್ಯ. ದರ ಕೆಲಸದ ಮೇಲೆ, ಪದದ ಮೇಲಲ್ಲ. ಯಂತ್ರದ ಕರಡು ತಿದ್ದುವುದಕ್ಕೆ ಗಂಟೆಯ ಲೆಕ್ಕ. ಯಾರು, ಎಲ್ಲಿ ಎಐ ಬಳಸಿದರು ಎಂಬುದನ್ನು ಎರಡೂ ಕಡೆಯವರು ಹೇಳುವುದು. ಡಿಟೆಕ್ಟರ್ ಫಲಿತಾಂಶದ ಮೇಲೆ ಹಣ ತಡೆಯುವಂತಿಲ್ಲ. ಬರಹಗಾರರ ಕಡೆಯಿಂದಲೂ ಬದ್ಧತೆ ಬೇಕು: ಬಿಡುಗಡೆಯಾಗದ ಸರಕಿನ ಗುಟ್ಟನ್ನು ಚಾಟ್‌ಬಾಟಿಗೆ ಹಾಕುವುದಿಲ್ಲ ಎಂಬ ಮಾತು. ಸ್ಯಾಮ್‌ಸಂಗ್ ಎಂಜಿನಿಯರ್‌ಗಳು 2023ರಲ್ಲಿ ಕಂಪನಿಯ ಕೋಡನ್ನು ಚಾಟ್‌ಜಿಪಿಟಿಗೆ ಅಂಟಿಸಿದ್ದರಿಂದ, ಕೊನೆಗೆ ಕಂಪನಿ ಇಂಥ ಉಪಕರಣಗಳನ್ನೇ ನಿರ್ಬಂಧಿಸುವಂತಾಯಿತು. ಹಕ್ಕುಸ್ವಾಮ್ಯದ ಸಾಲೂ ಇರಲಿ. ನಮ್ಮ 1957ರ ಕಾಯ್ದೆ ಕಂಪ್ಯೂಟರ್ ತಯಾರಿಸಿದ ಕೃತಿಗೆ ಅದನ್ನು ಮಾಡಿಸಿದ ವ್ಯಕ್ತಿಯೇ ಕರ್ತೃ ಎನ್ನುತ್ತದೆ. ಅಮೆರಿಕದಲ್ಲಾದರೆ ಪೂರ್ತಿ ಯಂತ್ರವೇ ಮಾಡಿದ ಕೃತಿಗೆ ಹಕ್ಕುಸ್ವಾಮ್ಯವಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಹೇಳಿದೆ. ಅಲ್ಲಿನ ಕ್ಲೈಂಟಿಗೆ ಮನುಷ್ಯರ ಬರಹ ಬೇಕಾಗಲು ಇದೊಂದೇ ಕಾರಣ ಸಾಕು.

ಸರ್ಕಾರ ಮಾಡಬೇಕಾದ್ದೂ ಇದೆ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ ಪ್ಲಾಟ್‌ಫಾರ್ಮ್‌ಗಳಿಂದ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಹಣದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯುತ್ತದೆ. ಊಟ ತಲುಪಿಸುವವರಿಗೆ, ಟ್ಯಾಕ್ಸಿ ಓಡಿಸುವವರಿಗೆ ಅದು ದೊಡ್ಡ ಆಸರೆ. ಏಜೆನ್ಸಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಕೆಲಸ ಪಡೆದು ಬ್ಯಾಂಕ್ ಖಾತೆಗೆ ಹಣ ತರಿಸಿಕೊಳ್ಳುವ ಬರಹಗಾರರ ನಡುವೆ ಯಾವ ಪ್ಲಾಟ್‌ಫಾರ್ಮೂ ಇಲ್ಲ, ಹಾಗಾಗಿ ಅವರು ಹೊರಗೇ ಉಳಿಯುತ್ತಾರೆ. ಅವರನ್ನೂ ನೋಂದಾಯಿಸಿಕೊಳ್ಳುವ ದಾರಿಯನ್ನು ಕಾರ್ಮಿಕ ಇಲಾಖೆ ಹುಡುಕಬೇಕು. ಅದು ಆಗುವವರೆಗೆ, ಮೇಲಿನ ಷರತ್ತುಗಳನ್ನೆಲ್ಲ ಸೇರಿಸಿ ಕನ್ನಡದಲ್ಲೊಂದು ಮಾದರಿ ಕರಾರು ಪತ್ರವನ್ನು ಸಿದ್ಧಪಡಿಸಿ ಎಲ್ಲರಿಗೂ ಸಿಗುವಂತೆ ಮಾಡಬಹುದು. ಎರಡು ಪುಟ ಸಾಕು, ಒಬ್ಬ ವಕೀಲರು, ನಾಲ್ಕು ಮಂದಿ ಅನುಭವಿ ಕಾಪಿರೈಟರ್‌ಗಳು ಕೂತರೆ ಒಂದು ವಾರದ ಕೆಲಸ.