ಸದ್ದು ಬಂದ್ಮೇಲೆ ಟ್ಯಾಪೆಟ್ ನೋಡೋಣ ಅನ್ನೋರಿಗೆ

"ಗಾಡಿ ಚೆನ್ನಾಗೇ ಓಡ್ತಿದೆಯಲ್ಲಣ್ಣ, ಸುಮ್ನಿರೋ ಎಂಜಿನ್ ಯಾಕೆ ಬಿಚ್ಚಿಸ್ಬೇಕು? ಟಕಟಕ ಅಂದ್ರೆ ಆಗ ಟ್ಯಾಪೆಟ್ ನೋಡೋಣ." ಬೆಳಗಿನ ಜಾವ ಹೂವು, ಸೊಪ್ಪು ಕಟ್ಕೊಂಡು ಕೆ.ಆರ್. ಮಾರ್ಕೆಟ್ಟಿಗೆ ಹೋಗೋ ನಮ್ಮ ಕಡೆಯವರು ಸುಮಾರು ಜನ ಹೇಳೋ ಮಾತು ಇದು. ಕೇಳೋಕೆ ಬುದ್ಧಿವಂತಿಕೆ ಥರ ಇದೆ. ಆದ್ರೆ ಪೂರ್ತಿ ತಲೆಕೆಳಗು. ಸದ್ದು ಮಾಡೋ ಟ್ಯಾಪೆಟ್ ನಮ್ಮನ್ನ ಎಚ್ಚರಿಸುತ್ತೆ. ಗಾಡಿ ತಿನ್ನೋದು ಸದ್ದೇ ಮಾಡದ ಟ್ಯಾಪೆಟ್.

ಯಾಕೆ ಅಂತ ಹೇಳ್ತೀನಿ. ಎಂಜಿನ್ ತಲೆಯೊಳಗೆ ಎರಡು ವಾಲ್ವ್ ಇರ್ತವೆ, ಒಂದು ಪೆಟ್ರೋಲು ಗಾಳಿ ಒಳಗೆ ಬಿಡೋದು, ಇನ್ನೊಂದು ಹೊಗೆ ಹೊರಗೆ ಬಿಡೋದು. ವಾಲ್ವಿನ ಬಾಲಕ್ಕೂ ಅದನ್ನ ಒತ್ತೋ ರಾಕರ್‌ಗೂ ಮಧ್ಯೆ ತಲೆಗೂದಲಷ್ಟು ಸಂದು ಬಿಟ್ಟಿರ್ತಾರೆ. ಹಲವು 100 ಸಿಸಿ ಗಾಡಿಗಳಲ್ಲಿ ಇದು 0.05ರಿಂದ 0.10 ಮಿ.ಮೀ. ಆಸುಪಾಸು, ನಿಮ್ಮ ಗಾಡಿಯ ಲೆಕ್ಕ ಅದರ ಪುಸ್ತಕದಲ್ಲೇ ಇರುತ್ತೆ. ಬಿಸಿಯಾದಾಗ ಕಬ್ಬಿಣ ಉದ್ದ ಆಗುತ್ತೆ, ಅದಕ್ಕೆ ಜಾಗ ಬೇಕಲ್ಲ, ಅದೇ ಈ ಸಂದು. ಗಾಡಿ ಓಡ್ತಾ ಓಡ್ತಾ ವಾಲ್ವ್ ತನ್ನ ಸೀಟನ್ನ ಕುಟ್ಟಿ ಕುಟ್ಟಿ ಒಳಕ್ಕೆ ಕೂರುತ್ತೆ. 4,000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವೂ ನಿಮಿಷಕ್ಕೆ 2,000 ಸಲ ತೆಗೆದು ಮುಚ್ಚುತ್ತೆ, ಗಂಟೆಗೆ 1,20,000 ಸಲ. ವಾಲ್ವ್ ಒಳಕ್ಕೆ ಹೋದಷ್ಟೂ ಅದರ ಬಾಲ ರಾಕರ್ ಕಡೆಗೆ ಬರುತ್ತೆ, ಸಂದು ಕಮ್ಮಿ ಆಗುತ್ತೆ. ಸಂದು ಕಮ್ಮಿ ಆದ್ರೆ ಸದ್ದೂ ಕಮ್ಮಿ. "ನೋಡಣ್ಣ, ಗಾಡಿ ಎಷ್ಟು ಸ್ಮೂತ್ ಆಗಿದೆ!"

ಸ್ಮೂತ್ ಆಗಿಲ್ಲ, ಬಿಗಿ ಆಗಿದೆ. ವಾಲ್ವಿಗೆ ತಣ್ಣಗಾಗೋಕೆ ಇರೋ ದಾರಿಯಲ್ಲಿ ದೊಡ್ಡದು ಆ ಸೀಟು. ಮುಚ್ಚಿ ಕೂತಾಗ ತನ್ನ ಬಿಸೀನ ಸೀಟಿಗೆ ದಾಟಿಸುತ್ತೆ. ಸಂದೇ ಇಲ್ಲದಾಗ ವಾಲ್ವ್ ಪೂರ್ತಿ ಕೂರಲ್ಲ, ಬಿಸಿ ದಾಟಲ್ಲ, ಉರಿಯೋ ಗಾಳಿ ಅಂಚಿನಿಂದ ನುಗ್ಗುತ್ತೆ. ಹೊಗೆ ವಾಲ್ವಿನ ಅಂಚು ಸುಟ್ಟುಹೋಗೋದು ಹೀಗೆ. ಅಷ್ಟೊತ್ತಿಗೆ ಕಿಕ್ ಹೊಡೆದ್ರೆ ಸಡಿಲ, ಏರಿನಲ್ಲಿ ದಮ್ಮಿಲ್ಲ, ಬಿಸಿ ಆದ್ಮೇಲೆ ಸಿಗ್ನಲ್‌ನಲ್ಲಿ ಆಫ್. ನಾವು ಪ್ಲಗ್ ಬದಲಾಯಿಸ್ತೀವಿ, ಕಾರ್ಬೊರೇಟರ್ ಕ್ಲೀನ್ ಮಾಡಿಸ್ತೀವಿ, ಪೆಟ್ರೋಲ್ ಬಂಕಿನವನನ್ನ ಬೈತೀವಿ.

ಇನ್ನೊಂದು ವಾದ ಇದೆ, ಇದನ್ನ ಕೇಳಿ ನನಗೆ ನಗು ಬರುತ್ತೆ. "ನಮ್ಮಪ್ಪ ಇಪ್ಪತ್ತು ವರ್ಷ ಎಕ್ಸ್‌ಎಲ್ ಓಡಿಸಿದ್ರು, ಒಂದಿನಾನೂ ಟ್ಯಾಪೆಟ್ ಮುಟ್ಟಲಿಲ್ಲ." ಸ್ವಾಮಿ, ಅದರಲ್ಲಿ ಟ್ಯಾಪೆಟ್ಟೇ ಇರಲಿಲ್ಲ! ಹಳೇ ಟಿವಿಎಸ್ ಎಕ್ಸ್‌ಎಲ್, ಲೂನಾ, ಆರ್‌ಎಕ್ಸ್ 100, ನಮ್ಮ ಮೈಸೂರಿನ ಐಡಿಯಲ್ ಜಾವಾದವರ ಯೆಜ್ಡಿ ಎಲ್ಲಾ ಟೂ ಸ್ಟ್ರೋಕ್. ಎಣ್ಣೆ ಕಲಸಿದ ಪೆಟ್ರೋಲು, ಸಿಲಿಂಡರ್ ಗೋಡೆಯಲ್ಲೇ ಕಿಂಡಿ, ರಾಕರ್ ಇಲ್ಲ ಕ್ಯಾಮ್ ಇಲ್ಲ. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂದು, 1994ರಲ್ಲಿ ಸ್ಪ್ಲೆಂಡರ್ ಬಂದು, ಕೊನೆಗೆ 2015ರಲ್ಲಿ ಎಕ್ಸ್‌ಎಲ್ ಕೂಡ 100 ಆಗಿ ಫೋರ್ ಸ್ಟ್ರೋಕ್ ಆಯ್ತು. ಗಾಡಿ ಬದಲಾಯ್ತು, ನಮ್ಮ ಅಭ್ಯಾಸ ಬದಲಾಗ್ಲಿಲ್ಲ. ಹಳೇ ಡೀಸೆಲ್ ಪಂಪ್‌ಸೆಟ್ ಇಟ್ಟಿದ್ದವರಿಗೆ ಮಾತ್ರ ಇದು ಹೊಸದಲ್ಲ. ಅದರ ಟ್ಯಾಪೆಟ್ ಹಿಡಿಸೋಕೆ ಮೆಕ್ಯಾನಿಕ್‌ನ ತೋಟಕ್ಕೇ ಕರೆಸ್ತಿದ್ದೋರು, ಅದೇ ಜನ ಬೈಕಿಗೆ ಬೇಡ ಅಂತಾರೆ.

ಮಲ್ಲೇಶ್ವರದ ಎಂಟನೇ ಕ್ರಾಸಿಗೆ ತರಕಾರಿ ತರೋಕೆ ಮಾತ್ರ ಗಾಡಿ ತೆಗೆಯೋ ಯಜಮಾನರ ಜೊತೆ ನನಗೆ ಜಗಳ ಇಲ್ಲ. ಅವರು ವರ್ಷಪೂರ್ತಿ ಓಡಿಸೋದನ್ನ ನಾವು ಒಂದು ತಿಂಗಳಲ್ಲಿ ಮುಗಿಸ್ತೀವಿ. ಲೆಕ್ಕ ಹಾಕಿ: ಹಾರೋಹಳ್ಳಿ ಕಡೆಯಿಂದ ಮಾರ್ಕೆಟ್ಟಿಗೆ ಹೋಗಿ ಬರೋಕೆ ಸುಮಾರು 70 ಕಿ.ಮೀ., ತಿಂಗಳಿಗೆ 25 ದಿನ ಅಂದ್ರೆ 1,750, ವರ್ಷಕ್ಕೆ 21,000. ಅದೂ ನೀರು ಹೊಡೆದ ಸೊಪ್ಪಿನ ಮೂಟೆ ಹಿಂದೆ ಮುಂದೆ ಕಟ್ಕೊಂಡು. ಹೋಗುವಾಗ ಕತ್ತಲು, ರೋಡು ಖಾಲಿ, ತಂಪು. ವಾಪಸ್ ಬರೋ ಹೊತ್ತಿಗೆ ಚಾಮರಾಜಪೇಟೆಯಿಂದ ಬಸವನಗುಡಿ ದಾಟೋವರೆಗೂ ಫಸ್ಟು ಸೆಕೆಂಡು ಗೇರು. ಪರಿಷೆ ದಿನಗಳಲ್ಲಿ ಕಡಲೆಕಾಯಿ ಚೀಲ ಹಾಕ್ಕೊಂಡು ದೊಡ್ಡಬಸವಣ್ಣನ ಗುಡಿ ಕಡೆ ಹೋದವರನ್ನ ಕೇಳಿ, ಗಾಡಿ ಹೇಗೆ ಕಾಯುತ್ತೆ ಅಂತ. ನಮ್ಮ ಗಾಡಿಗಳಿಗೆ ಫ್ಯಾನ್ ಇಲ್ಲ, ರೇಡಿಯೇಟರ್ ಇಲ್ಲ, ಓಡೋ ಗಾಳಿಯೇ ತಂಪು. ಗಾಡಿ ಓಡದಿದ್ರೆ ಅದೂ ಇಲ್ಲ. ಪೇಟೆಯವರಿಗೆ ಗಾಡಿ ಕೆಟ್ರೆ ಆಟೋ ಸಿಗುತ್ತೆ. ನಾಲ್ಕು ಗಂಟೆಗೆ ಮಾರ್ಕೆಟ್ ಸೇರ್ಬೇಕಾದ ಕನಕಾಂಬರ ಎಂಟಕ್ಕೆ ಸೇರಿದ್ರೆ ಯಾವ ರೇಟು ಸಿಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ.

"ಸರ್ವೀಸಿಗೆ ಬಿಡ್ತೀನಲ್ಲ, ಅಲ್ಲೇ ನೋಡ್ತಾರೆ" ಅನ್ನೋರಿಗೂ ಒಂದು ಮಾತು. ಸಂದು ಅಳೆಯೋದು ತಣ್ಣಗಿರೋ ಎಂಜಿನ್‌ನಲ್ಲಿ, ರಾತ್ರಿಯೆಲ್ಲಾ ನಿಂತಿರ್ಬೇಕು. ನೀವು 30 ಕಿ.ಮೀ. ಓಡಿಸ್ಕೊಂಡು ಹೋಗಿ ಬಿಟ್ಟು, ಒಂದು ಗಂಟೆಗೆ ವಾಪಸ್ ತಗೊಂಡ್ರಿ. ಕಾರ್ಡಲ್ಲಿ ಟ್ಯಾಪೆಟ್ ಮುಂದೆ ಟಿಕ್ ಇದೆ. ಯಾವ ಎಂಜಿನ್ ಒಂದು ಗಂಟೆಯಲ್ಲಿ ತಣ್ಣಗಾಯ್ತು? ಅದಕ್ಕಿಂತ ಕೆಟ್ಟದ್ದು, ಕಿವಿಯಲ್ಲೇ ಟ್ಯಾಪೆಟ್ ಹಿಡಿಯೋದು. ಗಿರಾಕಿ ಸದ್ದು ಅಂತಾನೆ, ಇವನು ಸದ್ದು ಹೋಗೋವರೆಗೂ ಸ್ಕ್ರೂ ಬಿಗೀತಾನೆ, ಇಬ್ಬರಿಗೂ ಸಂತೋಷ. ಸ್ವಲ್ಪ ಸಡಿಲ ಇದ್ರೆ ಸದ್ದು, ತೀರಾ ಬಿಟ್ರೆ ಕ್ಯಾಮು ರಾಕರ್ ಸವೆಯುತ್ತೆ, ನಿಜ. ಆದ್ರೆ ಬಿಗಿ ಆದ್ರೆ ವಾಲ್ವೇ ಹೋಗುತ್ತೆ. ಎರಡರಲ್ಲಿ ಒಂದು ಆರಿಸ್ಕೋ ಅಂದ್ರೆ ನಾನು ಸದ್ದನ್ನೇ ಆರಿಸ್ಕೋತೀನಿ.

ಹಾಗಂತ ತಿಂಗಳಿಗೊಂದ್ಸಲ ಬಿಚ್ಚಿ ಕೂರೋ ಹುಚ್ಚೂ ಬೇಡ. ಪುಸ್ತಕದಲ್ಲಿ ಎಷ್ಟು ಕಿ.ಮೀ. ಅಂತ ಇದೆಯೋ ಅಷ್ಟಕ್ಕೆ ಅಳೀಬೇಕು, ಸರಿ ಇದ್ರೆ ಮುಚ್ಚಬೇಕು. ನೋಡೋದು ಬೇರೆ, ತಿರುಗಿಸೋದು ಬೇರೆ. ಯು.ಸಿ.ಇ. ಎಂಜಿನ್ ಬುಲೆಟ್ ಇದ್ರೆ ಅದರಲ್ಲಿ ಎಣ್ಣೆ ಒತ್ತಡವೇ ಸಂದು ಸರಿ ಮಾಡ್ಕೊಳ್ಳುತ್ತೆ, ಮುಟ್ಟೋಕೆ ಏನೂ ಇಲ್ಲ. ಹುಡುಗರ ಡ್ಯೂಕ್‌ನಲ್ಲಿ ಸ್ಕ್ರೂ ಅಲ್ಲ, ಬಿಲ್ಲೆ ಬದಲಾಯಿಸ್ಬೇಕು, ಅದು ಮರದ ಕೆಳಗೆ ಮಾಡೋ ಕೆಲಸ ಅಲ್ಲ. ಬಸವನಗುಡಿಯಿಂದ "ಸಿಂಗಲ್ ಓನರ್, ಬ್ಯಾಂಕ್ ಮೇಷ್ಟ್ರ ಗಾಡಿ" ಅಂತ ಸೆಕೆಂಡ್ ಹ್ಯಾಂಡ್ ತಂದವರು ಮಾತ್ರ ಕಿ.ಮೀ. ನೋಡ್ಬೇಡಿ, ಮನೆಗೆ ತಂದ ವಾರವೇ ಅಳೆಸಿ. ಅದು ಇಷ್ಟು ದಿನ ಹೊರದ ಭಾರ ನಾಳೆಯಿಂದ ಹೊರಬೇಕು.

ಸ್ಕ್ರೂ ನಟ್ ಇರೋ ಗಾಡಿಗೆ ಕೆಲಸ ಇಷ್ಟೇ. ಮ್ಯಾಗ್ನೆಟ್ ಕವರಿನ ಮೂತಿ ತೆಗೆದು 'ಟಿ' ಗುರುತು ಸೇರಿಸಿ, ಎರಡೂ ರಾಕರ್ ಕೈಗೆ ಸಡಿಲ ಸಿಕ್ತಾವಾ ನೋಡಿ. ಸಿಗದಿದ್ರೆ ಇನ್ನೊಂದು ಪೂರ್ತಿ ಸುತ್ತು. ಫೀಲರ್ ಗೇಜಿನ ಪಟ್ಟಿ ಸ್ವಲ್ಪ ಹಿಡಿದು ಹಿಡಿದು ಜಾರಬೇಕು. ನಟ್ ಬಿಗಿದ ಮೇಲೆ ಮತ್ತೆ ಅಳೀರಿ, ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗೋದು ಸಾಮಾನ್ಯ. ಗೇಜು ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಸಿಗುತ್ತೆ, ಮಾರ್ಕೆಟ್ಟಿಂದ ನಡ್ಕೊಂಡೇ ಹೋಗ್ಬಹುದು, ಅಂಗಡಿ ತೆಗೆಯೋವರೆಗೂ ಕಾಯ್ಬೇಕು ಅಷ್ಟೇ. 0.05 ಪಟ್ಟಿ ಇರೋ ಸೆಟ್ಟೇ ಕೇಳಿ ತಗೊಳ್ಳಿ, ಕೆಲವು ಸೆಟ್ ಅದಕ್ಕಿಂತ ದಪ್ಪದಿಂದ ಶುರು ಆಗ್ತವೆ. ನಮ್ಮನೇಲಿ ಒಂದು ಸೆಟ್ ಇದೆ. ಬೇಕಾದೋರು ಭಾನುವಾರ ಬನ್ನಿ, ಗಾಡಿ ಮಾತ್ರ ಶನಿವಾರ ಸಂಜೆನೇ ತಂದು ನಿಲ್ಲಿಸಿ. ಬೆಳಿಗ್ಗೆ ಓಡಿಸ್ಕೊಂಡು ಬಂದ್ರೆ ಕಾಫಿ ಕುಡಿಸಿ ಕಳಿಸ್ತೀನಿ, ಗೇಜು ತೆಗೆಯಲ್ಲ.