ಹೊಣೆಗೆ ಮಾಲೀಕ, ಆಸ್ತಿಗೆ ಬಾಡಿಗೆದಾರ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವರಿಗೆ ಬಹಿರಂಗ ಪತ್ರ



ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುವ ಮಾಲೀಕನಿಗೆ ಗಾಡಿ ಕೈಗೆ ಬರುವ ದಾರಿ ಮುಖ್ಯವಾಗಿ ಎರಡು: ಫೈನಾನ್ಸ್ ಮಾಡಿಸಿ ಕೊಳ್ಳುವುದು, ಇಲ್ಲವೇ ಲೀಸ್‌ಗೆ ಪಡೆಯುವುದು. ಎರಡರಲ್ಲೂ ತಿಂಗಳು ತಿಂಗಳು ಹಣ ಕಟ್ಟಬೇಕು. 1988ರ ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ ಎರಡೂ ಒಪ್ಪಂದಗಳು ಆರ್‌ಸಿಯಲ್ಲಿ ನಮೂದಾಗುತ್ತವೆ. ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಕಾಣದು. ಅದು ಕಾಣುವುದು ಅವಧಿ ಮುಗಿದ ದಿನ.

ಸಾಲದ ಗಾಡಿಯ ಕೊನೆಯ ಕಂತು ಕಟ್ಟಿದ ಮೇಲೆ ಫೈನಾನ್ಸ್‌ನವರ ಎನ್‌ಒಸಿ ಮತ್ತು ಫಾರಂ 35 ಆರ್‌ಟಿಒಗೆ ಹೋಗುತ್ತವೆ, ಆರ್‌ಸಿಯಲ್ಲಿನ ಸಾಲದ ನಮೂದು (ಎಚ್‌ಪಿ) ರದ್ದಾಗುತ್ತದೆ. ಆಮೇಲಿನ ವರ್ಷಗಳೇ ಮಾಲೀಕನ ನಿಜವಾದ ಸಂಪಾದನೆ. ಮಾರಿದರೆ ಮುಂದಿನ ಗಾಡಿಯ ಡೌನ್ ಪೇಮೆಂಟ್ ಹುಟ್ಟುತ್ತದೆ. ಲೀಸ್ ಮುಗಿದಾಗ ಗಾಡಿ ಕಂಪನಿಗೆ ವಾಪಸ್. ಉಳಿದ ಬೆಲೆಯೂ ಅದರ ಜೊತೆಗೇ ಹೋಗುತ್ತದೆ.

ಹಾಗೆಂದು ಸಾಲ ಅಗ್ಗವೇನಲ್ಲ. 20 ಲಕ್ಷ ರೂಪಾಯಿಗೆ ನಾಲ್ಕು ವರ್ಷ, ಶೇ 8ರ ಫ್ಲ್ಯಾಟ್ ಬಡ್ಡಿ ಎಂದರೆ ಬಡ್ಡಿ 6.4 ಲಕ್ಷ, ಕಂತು 55,000. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿಯನ್ನು ಪೂರ್ತಿ ಮೊತ್ತದ ಮೇಲೇ ಹಾಕಿರುವುದರಿಂದ ನಿಜವಾದ ವಾರ್ಷಿಕ ದರ ಶೇ 14 ದಾಟುತ್ತದೆ. ಡೌನ್ ಪೇಮೆಂಟ್, ವಿಮೆ, ಟೈರು, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಲ್ಲವೂ ಇದರಾಚೆಗೆ. ಹೊಸ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಎಫ್‌ಸಿ ಆಗಬೇಕು.

ಲೋಡು ನಿಂತರೆ ಕಂತು ನಿಲ್ಲುವುದಿಲ್ಲ ಎಂಬುದು ಬಳ್ಳಾರಿ, ಹೊಸಪೇಟೆ ಭಾಗದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನೂ ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನದನ್ನೂ ನಿಲ್ಲಿಸಿತು. ಅದಿರನ್ನೇ ನಂಬಿ ಸಾಲದ ಮೇಲೆ ತಂದ ಲಾರಿಗಳು ನಿಂತಲ್ಲೇ ನಿಂತವು. ಎಲ್ಲರೂ ಒಟ್ಟಿಗೆ ಮಾರಲು ಹೊರಟಾಗ ಹಳೆ ಗಾಡಿಗೆ ಬೆಲೆ ಎಲ್ಲಿಂದ ಬರಬೇಕು?

ಇಂಥ ನಷ್ಟಕ್ಕೆ ಲೀಸ್ ಒಂದು ಮಟ್ಟಿಗೆ ತಡೆ. ಬೆಲೆ ಕುಸಿದರೆ ಹೊಡೆತ ಕಂಪನಿಗೆ. ಕೈಯಿಂದ ಹಾಕುವ ಹಣ ಕಡಿಮೆ. ಕೆಲವು ಒಪ್ಪಂದಗಳಲ್ಲಿ ಸರ್ವಿಸ್ ಕೂಡ ಸೇರಿರುತ್ತದೆ. ಕಾರ್ಖಾನೆಯೊಂದರ ಜೊತೆ ಎರಡು-ಮೂರು ವರ್ಷದ ಖಚಿತ ಲೋಡಿನ ಕರಾರು ಇದ್ದವನಿಗೆ, ಹತ್ತು ವರ್ಷದ ನಂತರದ ಬೆಲೆಯನ್ನು ಯಾರೂ ಹೇಳಲಾಗದ ಎಲೆಕ್ಟ್ರಿಕ್ ಟ್ರಕ್ ಬೇಕಾದವನಿಗೆ ಇದು ಸರಿಯಾದ ದಾರಿ. ಬ್ರೋಕರ್ ಫೋನು ಕಾಯುತ್ತಾ ರಿಟರ್ನ್ ಲೋಡಿಗೆ ದಿನಗಟ್ಟಲೆ ನಿಲ್ಲುವವನಿಗಲ್ಲ. ಅವಧಿಗೆ ಮುಂಚೆ ಬಿಟ್ಟರೆ ದಂಡ, ಕಿಲೋಮೀಟರ್ ಮಿತಿ, ವಾಪಸ್ ಕೊಡುವಾಗಿನ ಸವಕಳಿ ಲೆಕ್ಕ: ಲೀಸ್‌ನ ಲಾಭ ಕರಗುವುದು ಈ ಷರತ್ತುಗಳಲ್ಲಿ.

ಕಾನೂನಿನ ಇಬ್ಬಂದಿತನ ಇನ್ನೂ ಮುಖ್ಯ. ಮೋಟಾರು ವಾಹನ ಕಾಯ್ದೆಯ 2(30)ನೇ ಸೆಕ್ಷನ್ ಪ್ರಕಾರ ಲೀಸ್ ಗಾಡಿ ಯಾರ ಸ್ವಾಧೀನದಲ್ಲಿದೆಯೋ ಅವನೇ ಮಾಲೀಕ. ಹೊಣೆ ಅವನ ತಲೆಗೆ. ಆದರೆ ಹತ್ತಕ್ಕಿಂತ ಹೆಚ್ಚು ಸರಕು ವಾಹನ ಇಲ್ಲದವರಿಗೆ ಆದಾಯ ತೆರಿಗೆ ಕಾನೂನು ಕೊಟ್ಟ ಸರಳ ಲೆಕ್ಕದ ಸೌಲಭ್ಯ ಕಂತಿನ ಖರೀದಿದಾರನನ್ನು ಮಾಲೀಕನೆಂದು ಹೆಸರಿಸಿ ಒಪ್ಪಿದೆ. ಲೀಸ್‌ದಾರನ ಹೆಸರನ್ನು ಎತ್ತಿಲ್ಲ.

ಸಾಲ ಪಡೆಯುವವನಿಗೆ ಈಗ ಒಂದು ರಕ್ಷಣೆಯಿದೆ. ರಿಸರ್ವ್ ಬ್ಯಾಂಕಿನ 2024ರ ಸುತ್ತೋಲೆಯಂತೆ, ಅದೇ ವರ್ಷದ ಅಕ್ಟೋಬರ್ 1ರಿಂದ ರಿಟೇಲ್ ಮತ್ತು ಎಂಎಸ್‌ಎಂಇ ಅವಧಿ ಸಾಲಗಳಿಗೆ ನಿಜವಾದ ವಾರ್ಷಿಕ ದರ, ಎಲ್ಲ ಶುಲ್ಕಗಳನ್ನು ತೋರಿಸುವ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಲೇಬೇಕು. ಲೀಸ್ ಬಾಡಿಗೆ ಸಾಲವಲ್ಲವಾದ್ದರಿಂದ ಆ ಪತ್ರದ ವ್ಯಾಪ್ತಿಗೆ ಬರುವುದಿಲ್ಲ.

ಈ ಕೊರತೆಯನ್ನು ತುಂಬುವ ಜಾಗ ಸಚಿವಾಲಯದ ಕೈಯಲ್ಲೇ ಇದೆ. ಲೀಸ್ ನಮೂದಿಗೆ ಬರುವ ಅರ್ಜಿ ಫಾರಂ 34 ಕೇಂದ್ರ ಮೋಟಾರು ವಾಹನ ನಿಯಮಗಳದ್ದು. ಅವಧಿಯುದ್ದಕ್ಕೂ ಕಟ್ಟುವ ಒಟ್ಟು ಮೊತ್ತ, ನಡುವೆ ಬಿಟ್ಟರೆ ದಂಡ, ಕೊನೆಗೆ ಗಾಡಿ ಯಾರದು ಎಂಬ ಮೂರು ಉತ್ತರಗಳಿರುವ ಒಂದು ಪುಟವನ್ನು ಚಾಲಕನಿಗೆ ತಿಳಿಯುವ ಭಾಷೆಯಲ್ಲಿ, ಅವನ ಸಹಿಯೊಂದಿಗೆ ಆ ಅರ್ಜಿಗೆ ಲಗತ್ತಿಸುವುದನ್ನು ಸಚಿವಾಲಯ ಕಡ್ಡಾಯ ಮಾಡಬೇಕು.